ಬಾಳ ಮತ್ತು ಭಾಳ

ನಾನು ತಿದ್ದಿದ ಕಾಗದದಲ್ಲಿ ತಪ್ಪು ಉಳಿಯುವುದಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಈ ಮಾತನ್ನು ಯಾರ ಮುಂದೆಯೂ ಆಡಿಲ್ಲ, ಮನೆಯಲ್ಲಿ ಗಂಡನ ಮುಂದೆಯೂ ಆಡಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು. ಅದೂ ಒಂದು ಸಲ ತಪ್ಪು ಉಳಿದೇ ಹೋಗಿತ್ತು ಎಂದು ಹೇಳುವುದಕ್ಕಾಗಿ.

ಕುಷ್ಟಗಿಯ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನಮ್ಮ ಮುದ್ರಣಾಲಯವಿದೆ. ನಮ್ಮದು ಎಂದು ಬಾಯಿಗೆ ಬರುತ್ತದೆ, ನಿಜವಾಗಿ ಅದು ಮಾಲಕರದು. ಅವರ ಅಪ್ಪ ಸೀಸದ ಅಕ್ಷರ ಜೋಡಿಸುತ್ತಿದ್ದ ಕಾಲದಿಂದ ಆ ಮನೆತನಕ್ಕೆ ಇದೇ ಕಸುಬು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ನಮ್ಮೂರ ಕನ್ನಡ. ಯಂತ್ರ ಓಡಿಸುವವರು ಅವರು, ಕಂಪ್ಯೂಟರಿನ ಮುಂದೆ ಕೂಡುವವಳು ನಾನು. ಜನ ಬರೆದು ತಂದ ಬರಹಕ್ಕೆ ನಾವು ಮಜಕೂರು ಎನ್ನುತ್ತೇವೆ. ಆ ಮಜಕೂರನ್ನು ಟೈಪು ಮಾಡುವವಳೂ ನಾನೇ, ಕರಡು ತಿದ್ದುವವಳೂ ನಾನೇ.

ಗಂಗಾವತಿಯ ಅಕ್ಕಿ ಚೀಲದ ಚೀಟಿ ಬರುತ್ತದೆ, ಕುಕನೂರಿನ ನಾಟಕದ ಕರಪತ್ರ ಬರುತ್ತದೆ, ಗಂಗಾವತಿಯ ಹತ್ತಿರದ ಸಿದ್ದಾಪುರದ ಕಡೆಯ ಗೊಬ್ಬರದ ಅಂಗಡಿಯವರು ಅರ್ಧ ತೆಲುಗು ಬೆರೆತ ಕನ್ನಡ ಬರೆದು ಕಳಿಸುತ್ತಾರೆ. ಜನ ಆಡಿದ ಹಾಗೆಯೇ ಬರೆಯುತ್ತಾರೆ. ಮನಿ, ಸಾಲಿ, ಮದುವಿ. ಒಂದಿಷ್ಟೂ ಬೇಸರವಿಲ್ಲ ನನಗೆ. ಎಲ್ಲರ ಕನ್ನಡವೂ ನನ್ನ ಮೇಜಿನ ಮೇಲೆ ಮೈ ತೊಳೆದುಕೊಂಡು, ತಲೆ ಬಾಚಿಕೊಂಡು ಹೊರಗೆ ಹೋಗುತ್ತದೆ. ಒಮ್ಮೆ ಹಳ್ಳಿಯೊಂದರ ಹಿರಿಯರು ಗುಡಿಯ ಕಟ್ಟಡದ ಕರಪತ್ರಕ್ಕೆ ‘ದನಸಹಾಯ ಮಾಡಿದ ಭಕ್ತರು’ ಎಂದು ಬರೆದು ತಂದಿದ್ದರು. ಹಾಗೆಯೇ ಬಿಟ್ಟಿದ್ದರೆ ಊರವರೆಲ್ಲ ಎತ್ತು, ಎಮ್ಮೆ ಹೊಡೆದುಕೊಂಡು ಬಂದು ಗುಡಿಯ ಮುಂದೆ ಕಟ್ಟಿ ಹೋದಂತೆ ಆಗುತ್ತಿತ್ತು. ನಾನು ದ ಅಕ್ಷರದ ಹೊಟ್ಟೆ ಸೀಳಿ ಧ ಮಾಡಿದೆ. ಹಿರಿಯರು ಬಂದು, ಕಾಗದ ದಪ್ಪಗಿದೆ, ಬಣ್ಣ ಚೆನ್ನಾಗಿ ಬಂದಿದೆ ಎಂದು ಮಾಲಕರನ್ನು ಹೊಗಳಿ ಹೋದರು. ಅವತ್ತು ಇಡೀ ದಿನ ನಾನು ಒಳಗೊಳಗೇ ನಗುತ್ತಿದ್ದೆ.

ನಮ್ಮ ಕೆಲಸದ ಹಣೆಬರಹವೇ ಅಷ್ಟು. ಸರಿಯಾಗಿದ್ದರೆ ನಾನು ಇದ್ದೇನೆಂದೇ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಬೀಗರು, ನೆಂಟರು, ಬೀಗರ ಬೀಗರು ಎಲ್ಲರೂ ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಮೊದಮೊದಲು ಇದಕ್ಕೆ ಸಿಟ್ಟು ಬರುತ್ತಿತ್ತು. ಆಮೇಲೆ ಸಿಟ್ಟು ಹೋಗಿ ಅದರ ಜಾಗದಲ್ಲಿ ಬೇರೆ ಏನೋ ಬಂದು ಕೂತಿತು. ಅದಕ್ಕೆ ಏನು ಹೆಸರಿಡಬೇಕೋ ನನಗೆ ಇವತ್ತಿಗೂ ತಿಳಿಯದು. ನಮ್ಮ ಕಡೆ ಸೊಕ್ಕು ಎನ್ನುತ್ತಾರೆ, ಧಿಮಾಕು ಎನ್ನುತ್ತಾರೆ, ಮಿಜಾಜು, ಗತ್ತು, ಠೇಂಕಾರ ಎನ್ನುತ್ತಾರೆ. ಎಲ್ಲವೂ ಬೇರೆಯವರನ್ನು ಬೈಯುವ ಶಬ್ದಗಳು. ಸ್ವಾಭಿಮಾನ ಎಂಬುದು ವೇದಿಕೆ ಹತ್ತಿದವರ ಮಾತು, ಅಡುಗೆಮನೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ನನ್ನೊಳಗಿದ್ದದ್ದಕ್ಕೆ ಹೆಸರಿರಲಿಲ್ಲ, ಆದರೆ ಅದು ಇತ್ತು. ಬೆಳಿಗ್ಗೆ ಅಂಗಡಿಯ ಮೆಟ್ಟಿಲು ಹತ್ತುವಾಗ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು.

ಇಷ್ಟು ಹೇಳಿದ ಮೇಲೆ ನನ್ನ ಒಂದು ಚಾಳಿಯನ್ನೂ ಹೇಳಬೇಕು. ನಮ್ಮ ಜನರಿಗೆ ಭಾಳ, ಅಂದರೆ ಬಹಳ, ಎಂಬ ಶಬ್ದವಿಲ್ಲದೆ ದಿನ ಸಾಗುವುದಿಲ್ಲ. ಭಾಳ ಛಲೋ, ಭಾಳ ಬಿಸಲು, ಭಾಳ ಮಂದಿ. ಆಡುವಾಗ ಎದೆ ತುಂಬ ಉಸಿರು ಹಾಕಿ ಭಾಳ ಎನ್ನುತ್ತಾರೆ, ಬರೆಯುವಾಗ ಮಾತ್ರ ಬಾಳ ಎಂದು ಬರೆಯುತ್ತಾರೆ. ನಾಟಕದ ಕರಪತ್ರಗಳಲ್ಲಿ ಇದು ಸಾಲಿಗೊಮ್ಮೆ ಬರುತ್ತದೆ, ಯಾಕೆಂದರೆ ಅವು ಊರ ಮಾತಿನಲ್ಲೇ ಇರುತ್ತವೆ. ‘ಬಾಳ ನಗಿಸ್ತೈತಿ, ಬಾಳ ಅಳಿಸ್ತೈತಿ, ತಪ್ಪದ ಬರ್ರಿ.’ ಬಾಳ ಕಂಡಲ್ಲೆಲ್ಲ ಭಾಳ ಮಾಡಿ ಮಾಡಿ ನನ್ನ ಬೆರಳಿಗೆ ಅದು ರೂಢಿಯಾಗಿಬಿಟ್ಟಿತ್ತು. ಕಣ್ಣು ನೋಡುವ ಮೊದಲೇ ಬೆರಳು ತಿದ್ದಿರುತ್ತಿತ್ತು.

ಹೋದ ವರ್ಷ ಬೇಸಿಗೆಗೆ ಮುಂಚೆ ಯಲಬುರ್ಗಾದಿಂದ ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು. ಲಗ್ನ ಪತ್ರಿಕೆ ಮಾಡಿಸಲು ಸಾಮಾನ್ಯವಾಗಿ ಅಪ್ಪ, ಕಾಕಾ, ಸೋದರಮಾವ ಹೀಗೆ ನಾಲ್ಕು ಮಂದಿ ಬಂದು ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಗಂಟೆಗಟ್ಟಲೆ ವಾದ ಮಾಡುತ್ತಾರೆ. ಇವಳು ಒಬ್ಬಳೇ ಬಂದಳು. ಮಾದರಿ ಕಾರ್ಡುಗಳ ಪುಸ್ತಕ ತಿರುವಿಹಾಕಿ, ಬಂಗಾರದ ಬಣ್ಣ ಒಂದಿಷ್ಟೂ ಇಲ್ಲದ ಒಂದು ಕೆನೆಬಣ್ಣದ ಕಾರ್ಡು ಆರಿಸಿದಳು. ನಮ್ಮಲ್ಲಿ ಅದು ಇನ್ನೂರೇ ಉಳಿದಿತ್ತು.

“ಸಾಕ್ರಿ, ನನಗ ಅಷ್ಟ ಬೇಕಾಗಿದ್ದು,” ಎಂದಳು.

“ಲಗ್ನ ಯಾರದವಾ?” ಎಂದು ಕೇಳಿದೆ.

“ನಂದ್ರಿ. ಎರಡನೇದು.”

ಎರಡನೇದು ಎಂದಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಮೊದಲ ಮದುವೆ ಕೋರ್ಟಿನಲ್ಲಿ ಮುಗಿದಿತ್ತು. ಮನೆಯವರು, ಗುಡಿಯಲ್ಲಿ ಮಾಲೆ ಹಾಕಿಸಿ ಸುಮ್ಮನೆ ಮುಗಿಸೋಣ, ಪತ್ರಿಕೆ ಗಿತ್ರಿಕೆ ಬೇಡ, ಜನ ಮೊದಲೇ ಆಡಿಕೊಳ್ಳುತ್ತಾರೆ ಎಂದಿದ್ದರಂತೆ. ಅವಳು ಒಪ್ಪಿರಲಿಲ್ಲ. “ಕದ್ದು ಮಾಡ್ಕೊಳ್ಳಾಕ ನಾ ಏನ್ ತಪ್ಪು ಮಾಡೀನ್ರಿ? ಪತ್ರಿಕಾ ಆಗಬೇಕು, ನನ್ನ ಹೆಸರಿನ್ಯಾಗ ಆಗಬೇಕು,” ಎಂದು ಹೇಳಿ ಗೆರೆಯಿದ್ದ ನೋಟುಬುಕ್ಕಿನ ಹಾಳೆಯೊಂದನ್ನು ಮುಂದಿಟ್ಟಳು. ಅದರಲ್ಲಿ ‘ನಮ್ಮ ಜ್ಯೇಷ್ಠ ಪುತ್ರಿ’ ಇರಲಿಲ್ಲ, ‘ಆಗಮನಾಭಿಲಾಷಿಗಳು’ ಇರಲಿಲ್ಲ. ಇಷ್ಟೇ ಇತ್ತು: ‘ನಾನು ಒಪ್ಪಿ ಆರಿಸಿಕೊಂಡ ಬಾಳ ಸಂಗಾತಿಯೊಂದಿಗೆ ಹೊಸ ಮನೆ ಹೂಡುತ್ತಿದ್ದೇನೆ. ಬಂದು ಉಂಡು ಹರಸಿ ಹೋಗಿರಿ.’ ಕೆಳಗೆ ಇಬ್ಬರ ಹೆಸರು, ತಾರೀಖು, ಕುಕನೂರಿನ ಮಂಗಲ ಕಾರ್ಯಾಲಯದ ವಿಳಾಸ.

ಎಷ್ಟೋ ಸಾವಿರ ಪತ್ರಿಕೆ ನೋಡಿದ ನನಗೆ ಆ ಎರಡು ಸಾಲು ಮನಸ್ಸಿಗೆ ಹಿಡಿದವು. ಅವಳೆದುರೇ ಟೈಪು ಮಾಡಿದೆ. ಆ ವಾರವೆಲ್ಲ ನಾಟಕದ ಕರಪತ್ರ ಮಾಡುತ್ತಿದ್ದೆ. ಬೆರಳು ತನ್ನ ಚಾಳಿಯಂತೆ ಬಾಳ ಕಂಡಲ್ಲಿ ಭಾಳ ಹೊಡೆಯಿತು. ಕರಡು ತೆಗೆದು ಕೊಟ್ಟೆ. ಅವಳು ತಾರೀಖು ನೋಡಿದಳು, ಹೆಸರು ನೋಡಿದಳು, ಸಹಿ ಹಾಕಿ ಬಸ್ಸಿಗೆ ಹೋದಳು. ನಾನೂ ಮತ್ತೊಮ್ಮೆ ಓದಿದೆ. ಓದಿದೆ ಅಂದುಕೊಂಡೆ.

ನಾಲ್ಕು ದಿನದ ಮೇಲೆ ಪತ್ರಿಕೆ ಅಚ್ಚಾಯಿತು. ಬೆಳಿಗ್ಗೆ ಕಟ್ಟು ಕಟ್ಟುವ ಮುಂಚೆ ಸುಮ್ಮನೆ ಒಂದನ್ನು ಕೈಗೆತ್ತಿಕೊಂಡೆ. ‘ನಾನು ಒಪ್ಪಿ ಆರಿಸಿಕೊಂಡ ಭಾಳ ಸಂಗಾತಿಯೊಂದಿಗೆ.’ ನಮ್ಮ ಕಡೆಯವರು ಇದನ್ನು ಓದಿದರೆ ಏನು ಅರ್ಥ ಮಾಡಿಕೊಳ್ಳುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಸಾಲದೆ ಭಾಳ ಸಂಗಾತಿಗಳನ್ನು ಕಟ್ಟಿಕೊಂಡವಳು! ಮೊದಲ ಮದುವೆ ಮುರಿದು ಎರಡನೆಯದಕ್ಕೆ ನಿಂತವಳು ತಾನೇ ಹೆಸರು ಹಾಕಿ ಹಂಚುವ ಪತ್ರಿಕೆಯಲ್ಲಿ ಈ ಮಾತು. ಯಾರೋ ಒಬ್ಬರು ಫೋಟೊ ತೆಗೆದು ಮೊಬೈಲಿಗೆ ಹಾಕಿದರೆ ಸಾಕು, ಮದುವೆಯ ದಿನ ಬರುವ ಹೊತ್ತಿಗೆ ಸುತ್ತಲ ನಾಲ್ಕು ತಾಲೂಕು ನಕ್ಕಿರುತ್ತದೆ. ಅವಳು ಬರೆದುಕೊಟ್ಟ ಹಾಳೆ ತೆಗೆದು ನೋಡಿದೆ. ಅವಳು ಸರಿಯಾಗಿಯೇ ಬರೆದಿದ್ದಳು. ದುಂಡಗೆ, ಬಿಡಿಬಿಡಿಯಾಗಿ, ಬಾಳ.

“ಅಕ್ಕಾರ, ಏನಾತ್ರಿ? ಮಾರಿ ಯಾಕ ಹಂಗ ಮಾಡೀರಿ?” ಎಂದರು ಮಾಲಕರು.

ಕಾರ್ಡು ತೋರಿಸಿದೆ. ಅವರು ಓದಿ, ಮೊದಲು ಬಾಯಿ ಮುಚ್ಚಿಕೊಂಡು ನಕ್ಕು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಬೇರೆ ಕಾರ್ಡಿನಲ್ಲಿ ಹೊಸದಾಗಿ ಹಾಕಬಹುದಿತ್ತು, ಆದರೆ ಅವಳು ಆರಿಸಿದ ಕಾರ್ಡು ಇನ್ನೊಂದೂ ಇರಲಿಲ್ಲ. ಕೊಪ್ಪಳಕ್ಕೆ, ಗಂಗಾವತಿಗೆ ಫೋನು ಮಾಡಿ ಕೇಳಿದರು. ಎಲ್ಲೂ ಸಿಗಲಿಲ್ಲ.

“ನೋಡ್ರಿ, ಕರಡಿಗೆ ಅವರ ಸಹಿ ಐತಿ,” ಎಂದರು. “ನಾವ್ಯಾಕ ತಲಿ ಕೆಡಿಸ್ಕೋಬೇಕು? ಪತ್ರಿಕಾ ಯಾರು ಓದ್ತಾರ್ರಿ? ತಾರೀಖು ನೋಡ್ತಾರ, ಊಟ ಎಲ್ಲಿ ಅಂತ ನೋಡ್ತಾರ. ನಡೀತೈತಿ ಬಿಡ್ರಿ.”

ಅವರು ಕೆಟ್ಟವರಲ್ಲ. ನನ್ನನ್ನು ಉಳಿಸಲಿಕ್ಕೆಂದೇ ಆ ಮಾತು ಆಡಿದ್ದು. ಆದರೆ ನಡೀತೈತಿ ಎಂಬ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ಸೀಮೆಯಲ್ಲಿ ಸೊಟ್ಟ ಗೋಡೆಯೂ ನಡೆಯುತ್ತದೆ, ಸೋರುವ ನಲ್ಲಿಯೂ ನಡೆಯುತ್ತದೆ. ನನ್ನ ಮೇಜಿನ ಮೇಲೆ ಮಾತ್ರ ಏನೂ ನಡೆಯಕೂಡದು ಎಂದು ನಾನು ಬದುಕಿದ್ದು.

“ನಡಿಯಂಗಿಲ್ರಿ,” ಎಂದೆ. “ಎರಡರ ಬಸ್ಸಿಗೆ ಬರ್ತಾಳ. ಅಷ್ಟ್ರೊಳಗ ಕೆರೀತೀನಿ.”

ಹಳೆಯ ಪ್ರೆಸ್ಸಿನವರಿಗೆಲ್ಲ ಗೊತ್ತಿರುವ ಕೆಲಸ ಇದು. ಬ ಮತ್ತು ಭ ನಡುವೆ ಇರುವುದು ಹೊಟ್ಟೆಯ ಕೆಳಗಿನ ಒಂದು ಸಣ್ಣ ಗೀಟು. ಹೊಸ ಬ್ಲೇಡಿನ ಮೂಲೆಯಿಂದ ಆ ಗೀಟನ್ನಷ್ಟೇ ಕೆರೆಯಬೇಕು. ಒತ್ತಿದರೆ ಕಾರ್ಡಿನ ಸಿಪ್ಪೆ ಏಳುತ್ತದೆ, ಒತ್ತದಿದ್ದರೆ ಕಲೆ ಉಳಿಯುತ್ತದೆ. ಆಮೇಲೆ ಹೊಟ್ಟೆಯಲ್ಲಿ ಉಳಿಯುವ ಸೀಳನ್ನು, ಅದೇ ಶಾಯಿಯಲ್ಲಿ ಅದ್ದಿದ ಸೂಜಿಯ ಮೊನೆಯಿಂದ ಮುಚ್ಚಬೇಕು. ಮೊದಲ ಎರಡು ಕಾರ್ಡು ಕೆಟ್ಟವು. ಮೂರನೆಯದನ್ನು ಮಾಲಕರ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ, ಇಳಿಸಿ ನೋಡಿ, “ಎಲ್ಲಿ ಕೆರದೀರಿ?” ಎಂದರು. ಆ ಮಾತು ಕಿವಿಗೆ ಬಿದ್ದದ್ದೇ ಕೈ ತಾನಾಗಿ ಓಡತೊಡಗಿತು.

ಇನ್ನೊಂದು ಅವಸರವೂ ಇತ್ತು. ಲಗ್ನ ಪತ್ರಿಕೆ ಒಯ್ಯುವವರು ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಅರಿಶಿಣ ಹಚ್ಚಿ, ದೇವರ ಮುಂದಿಡಲಿಕ್ಕೆ ಎಂದು ಅದನ್ನು ಬೇರೆ ತೆಗೆದಿಡುತ್ತಾರೆ. ಅದಕ್ಕಾಗಿ ಮಾಲಕರು ಹಣದ ಗಲ್ಲೆಯ ಪಕ್ಕದಲ್ಲಿ ಒಂದು ಅರಿಶಿಣದ ಡಬ್ಬಿ ಇಟ್ಟಿರುತ್ತಾರೆ. ಅರಿಶಿಣ ಬಿದ್ದ ಪತ್ರಿಕೆಗೆ ಆಮೇಲೆ ಬ್ಲೇಡು ತಾಗಿಸುವ ಹಾಗಿಲ್ಲ, ಅದು ಅಪಶಕುನ. ಹಾಗಾಗಿ ಅವಳು ಬರುವುದರೊಳಗೆ ಎಲ್ಲವೂ ಮುಗಿದು, ಒಣಗಿ, ಕಟ್ಟು ಕಟ್ಟಿರಬೇಕಿತ್ತು. ಮುಗಿದರೆ ಅವಳಿಗೆ ಗೊತ್ತೇ ಆಗುವುದಿಲ್ಲ ಎಂಬ ಲೆಕ್ಕವೂ ನನ್ನ ಮನಸ್ಸಿನಲ್ಲಿತ್ತು. ಸುಳ್ಳು ಯಾಕೆ ಹೇಳಲಿ?

ಹನ್ನೆರಡೂವರೆಗೆ ಬಾಗಿಲಲ್ಲಿ ನೆರಳು ಬಿತ್ತು. ಅವಳೇ.

“ಅರ್ಧ ದಿನದ ಸೂಟಿ ಸಿಕ್ತ್ರಿ, ಜಲ್ದಿ ಬಂದ್ನಿ,” ಎಂದು ಒಳಗೆ ಬಂದಳು. ಮೇಜಿನ ಮೇಲೆ ಅವಳ ಪತ್ರಿಕೆಗಳು ಹರವಿದ್ದವು. ನನ್ನ ಕೈಯಲ್ಲಿ ಬ್ಲೇಡಿತ್ತು. ಇನ್ನೂ ಎಂಬತ್ತು ಉಳಿದಿದ್ದವು.

ಮಾಲಕರು ಎದ್ದು ನಿಂತು, “ಏನಿಲ್ರಿ ತಂಗಿ, ನೀವು ಬರದದ್ದರಾಗ ಸಣ್ಣದೊಂದು...” ಎಂದು ಶುರು ಮಾಡಿದರು.

ಮಾತು ಮುಗಿಯಲು ನಾನು ಬಿಡಲಿಲ್ಲ. “ಇಲ್ಲವಾ ತಂಗಿ. ನೀ ಬರೋಬ್ಬರಿ ಬರದೀದಿ. ಕೆಡಿಸಿದಾಕಿ ನಾನು. ತಪ್ಪು ನಂದು,” ಎಂದೆ.

ತಪ್ಪು ನಂದು ಎಂಬ ಎರಡು ಶಬ್ದ ಆ ಅಂಗಡಿಯಲ್ಲಿ ನನ್ನ ಬಾಯಿಂದ ಹೊರಟದ್ದು ಅದೇ ಮೊದಲು. ನೆಲ ಬಾಯಿಬಿಡುತ್ತದೆ ಅಂದುಕೊಂಡಿದ್ದೆ. ಬಿಡಲಿಲ್ಲ. ಪಕ್ಕದ ಗಿರಣಿ ತನ್ನ ಪಾಡಿಗೆ ತಾನು ಗುರ್ ಎನ್ನುತ್ತಿತ್ತು.

ಕೆರೆಯದ ಕಾರ್ಡೊಂದನ್ನು ಎತ್ತಿಕೊಂಡು ಅವಳು ಓದಿದಳು. ಒಮ್ಮೆಲೇ ನಕ್ಕುಬಿಟ್ಟಳು. “ಅಯ್ಯ! ನಮ್ಮ ಹಳೇ ಅತ್ತಿ ಇದನ್ನ ಓದಿದ್ರ ಊರಿಗೆಲ್ಲ ಸಕ್ಕರಿ ಹಂಚ್ತಿದ್ಲು ನೋಡ್ರಿ.” ನನಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಅವಳ ನಗು ನಿಂತಿತು. “ನಾ ಬರದ ಹಾಳಿ ಎಲ್ಲೈತ್ರಿ?” ಎಂದು ಕೇಳಿದಳು.

ಕೊಟ್ಟೆ. ಬಾಳ ಎಂಬುದರ ಮೇಲೆ ಬೆರಳಿಟ್ಟು, “ಇದು ಬರೋಬ್ಬರಿ ಐತಲ್ರಿ. ಮತ್ಯಾಕ ತಿದ್ದಿದ್ರಿ?” ಎಂದಳು.

ಬೆರಳಿಗೆ ಚಾಳಿ ಬಿದ್ದಿತ್ತು ಎನ್ನಬಹುದಿತ್ತು. ಅದು ಅರ್ಧ ನಿಜ. ಉಳಿದರ್ಧ ಬಾಯಿಗೆ ಬಂದುಬಿಟ್ಟಿತು. “ನಿಮ್ಮಂಥಾರು ಬಾಳ ಅಂತ ಬರದ್ರ ಅದು ಭಾಳನ ಇರ್ತೈತಿ ಅಂತ ತಿಳ್ಕೊಂಡ್ನಿ,” ಎಂದೆ. ನಿಮ್ಮಂಥಾರು ಎಂಬ ಶಬ್ದ ನನ್ನ ಕಿವಿಗೂ ಬಿತ್ತು, ಅವಳ ಕಿವಿಗೂ ಬಿತ್ತು.

ಅವಳು ಸಿಟ್ಟಿಗೇಳಲಿಲ್ಲ. “ನಾ ಔಷಧ ಅಂಗಡ್ಯಾಗ ಕೆಲಸ ಮಾಡ್ತೀನ್ರಿ,” ಎಂದಳು. “ಡಾಕ್ಟರ್ ಬರದ ಚೀಟಿ ಓದೂದ ನನ್ನ ಕೆಲಸ. ಒಂದು ಅಕ್ಷರ ತಪ್ಪಿದ್ರ ಗುಳಿಗಿ ಬದಲಾಗ್ತೈತಿ. ಒಂಬತ್ತು ವರ್ಷ ಆತು, ಒಂದೂ ತಪ್ಪಿಲ್ಲ. ಕರಡಿನ್ಯಾಗ ಈ ಸಾಲು ನಾ ಯಾಕ ನೋಡ್ಲಿಲ್ಲ ಗೊತ್ತೈತೇನ್ರಿ? ನಾ ಬರದದ್ದು ತಪ್ಪಿರೂದಿಲ್ಲ ಅಂತ ನನಗ ಗೊತ್ತಿತ್ತು.”

ಆ ಮಾತು ಕೇಳಿ ನಾನು ಅವಳನ್ನು ಸರಿಯಾಗಿ ನೋಡಿದೆ. ಅಲ್ಲಿಯವರೆಗೆ ಅವಳು ನನಗೆ ಪಾಪದ ಹೆಣ್ಣುಮಗಳಾಗಿದ್ದಳು, ಮರ್ಯಾದೆ ಉಳಿಸಬೇಕಾದವಳು. ಈಗ ನೋಡಿದರೆ ಅವಳ ಮರ್ಯಾದೆಯನ್ನು ಅವಳೇ ಸರಿಯಾಗಿ ಕಾದುಕೊಂಡಿದ್ದಳು. ಅದನ್ನು ಕೆಡಿಸುವುದಕ್ಕೆ ನನ್ನಂಥ ಜಾಣೆಯೇ ಬೇಕಾಯಿತು.

“ಬ್ಯಾರೇ ಕಾರ್ಡಿನ್ಯಾಗ ಹಾಕಿ ಕೊಡ್ಲೇನವಾ? ಇವತ್ತ ಆಗ್ತೈತಿ,” ಎಂದೆ.

ಅವಳು ಕೆರೆದು ತಿದ್ದಿದ ಕಾರ್ಡೊಂದನ್ನು ಬಾಗಿಲ ಬೆಳಕಿಗೆ ಹಿಡಿದು, ಓರೆ ಮಾಡಿ, ಬೆರಳಾಡಿಸಿ ನೋಡಿದಳು. “ಬ್ಯಾಡ್ರಿ. ಇದ ಇರ್ಲಿ. ಛಲೋ ಮಾಡೀರಿ. ಉಳದದ್ದು ತಿದ್ರಿ, ನಾ ಕುಂತಿರ್ತೀನಿ.”

ಕೂತಳು. ನಾನು ಒಂದೊಂದೇ ಕೆರೆದು ಕೊಡುತ್ತಿದ್ದೆ, ಅವಳು ಒಂದೊಂದೇ ಓದಿ ಕಟ್ಟಿಗೆ ಸೇರಿಸುತ್ತಿದ್ದಳು. ಮೂರು ಕಾರ್ಡು ವಾಪಸು ಕೊಟ್ಟಳು. “ಇಲ್ಲಿ ಇನ್ನೂ ಕಾಣ್ತೈತ್ರಿ.” ನನ್ನ ಕೆಲಸವನ್ನು ನನಗೇ ವಾಪಸು ಕೊಟ್ಟವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ. ನನ್ನ ಕಣ್ಣಿನಷ್ಟೇ ಹಟಮಾರಿಯಾದ ಇನ್ನೊಂದು ಜೋಡಿ ಕಣ್ಣು ಆ ಮೇಜಿನ ಆಚೆ ಕೂತಿತ್ತು. ಮೂರನ್ನೂ ಮತ್ತೆ ತಿದ್ದಿ ಕೊಟ್ಟೆ. ಮಾಲಕರು ತರಿಸಿದ ಚಹಾ ತಣ್ಣಗಾಯಿತು.

ಎಲ್ಲ ಮುಗಿದಾಗ ಮಾಲಕರು ಅರಿಶಿಣದ ಡಬ್ಬಿ ತೆಗೆದು, ಯಾರ ಕೈಗೆ ಕೊಡುವುದೆಂದು ತಿಳಿಯದೆ ನನ್ನ ಮುಖ ನೋಡಿದರು. ರೂಢಿಯಂತೆ ಮುತ್ತೈದೆ ಹಚ್ಚಬೇಕು. ಅಂದರೆ ಅಲ್ಲಿ ನಾನು. ಅವಳೂ ಡಬ್ಬಿಯನ್ನೇ ನೋಡುತ್ತಿದ್ದಳು. ನಾನು ಡಬ್ಬಿ ಈಸಿಕೊಂಡು, ಮುಚ್ಚಳ ತೆಗೆದು ಅವಳ ಮುಂದಿಟ್ಟೆ. ಅವಳು ಉಂಗುರಬೆರಳಿನಿಂದ ಮೊದಲ ಪತ್ರಿಕೆಯ ನಾಲ್ಕು ಮೂಲೆಗೂ ತಾನೇ ಅರಿಶಿಣ ಹಚ್ಚಿದಳು.

ಕಟ್ಟುಗಳನ್ನು ಚೀಲಕ್ಕೆ ಹಾಕಿಕೊಂಡ ಮೇಲೂ ಅವಳು ಹೊರಡಲಿಲ್ಲ. “ನನ್ನ ಹಾಳಿ ಕೊಡ್ರಿ ಅಕ್ಕಾರ,” ಎಂದಳು. ಜನ ಬರೆದು ತಂದ ಹಾಳೆ ಅಂಗಡಿಯಲ್ಲೇ ಇರಬೇಕು, ನಾಳೆ ತಕರಾರು ಬಂದರೆ ಬೇಕಾಗುತ್ತದೆ ಎಂಬುದು ಮಾಲಕರ ಅಪ್ಪನ ಕಾಲದ ನಿಯಮ. ಅವರು ಬಾಯಿ ತೆರೆಯುವ ಮೊದಲೇ ಕೊಟ್ಟುಬಿಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡಳು.

ಮೆಟ್ಟಿಲ ಬಳಿ ನಿಂತು ತಿರುಗಿ ನೋಡಿದಳು.

“ಅಕ್ಕಾರ, ಇನ್ಮ್ಯಾಲ ನಾ ಓದಿ ಸಹಿ ಮಾಡ್ತೀನ್ರಿ. ನೀವು ಓದಿ ತಿದ್ರಿ.”

“ಆತವಾ,” ಎಂದೆ.